ಎರಡು ಗೂಟಗಳ ನಡುವೆ

ಹಾ ಮೊಖಾಬೆಯಲ್ಲಿ ನಲ್ಲಿ ತಿರುಗಿಸಿದ ದಿನ
ನೀರು ಬರಲಿಲ್ಲ.

ಕುರಿ ಕಡಿದಾಗಿತ್ತು. ಜೋಳದ ಬಿಯರು
ಡ್ರಮ್ಮಿನಲ್ಲಿ ನೊರೆಗಟ್ಟಿತ್ತು.
ಶಾಲೆಯ ಮಕ್ಕಳು ಎರಡು ಸಾಲು,
ಮುಖಂಡರ ಹೆಗಲಿಗೆ ಹೊಸ ಕಂಬಳಿ.
ನಲ್ಲಿ ಒಮ್ಮೆ ಕೆಮ್ಮಿತು,
ಕಂದು ಬಣ್ಣದ ಒಂದು ತೊಟ್ಟು ಉಗುಳಿ
ಸುಮ್ಮನಾಯಿತು.
'ಪೂಲಾ!' ಎಂದು ಕೂಗಲು ತೆರೆದ ಬಾಯಿಗಳು
ತೆರೆದೇ ಇದ್ದವು.

ನಾನು ಮಸೇರುವಿನಿಂದ ಬಂದವಳು, ಇಲಾಖೆಯ ಹುಡುಗಿ.
ಕೈಯಲ್ಲಿ ನಕ್ಷೆ. ನಕ್ಷೆಯಲ್ಲಿ ನೀರು ಬರುತ್ತಿತ್ತು:
ಬುಗ್ಗೆಯಿಂದ ತೊಟ್ಟಿಗೆ ನಲವತ್ತೊಂದು ಮೀಟರ್ ಇಳಿಜಾರು,
ಸಾವಿರದ ಎಂಟುನೂರು ಮೀಟರ್ ಪೈಪು,
ಪಂಪಿಲ್ಲ, ಡೀಸೆಲ್ಲಿಲ್ಲ.
ನೀರಿಗೆ ಇಳಿಯುವುದನ್ನು ಯಾರೂ ಕಲಿಸಬೇಕಿಲ್ಲ
ಎಂದು ನಾನೇ ಪಿತ್ಸೊದಲ್ಲಿ, ಊರೆಲ್ಲ ಕೂತಿದ್ದಾಗ,
ಭಾಷಣ ಬಿಗಿದಿದ್ದೆ.
ನಮ್ಮ ಬೆಟ್ಟಗಳ ನೀರು ಸುರಂಗ ಹೊಕ್ಕು
ಗಡಿಯಾಚೆಯ ಶಹರಗಳಿಗೆ ಹೋಗುತ್ತದೆ.
ಈ ಊರಿಗೆ ಬೇಕಿದ್ದದ್ದು ಹೆಬ್ಬೆರಳು ತೂರುವಷ್ಟು ಪೈಪು.

ಬುಗ್ಗೆಯ ಪೆಟ್ಟಿಗೆ ನೋಡಿದೆವು: ತುಂಬಿ ಚೆಲ್ಲುತ್ತಿದೆ.
ವಾಲ್ವ್ ನೋಡಿದೆವು: ತೆರೆದಿದೆ.
ಹಳ್ಳ ದಾಟುವಲ್ಲಿ ಹೊರಗೆ ಕಾಣುವ ಪೈಪಿಗೆ
ಮೇಸ್ತ್ರಿ ರಾಮಾಬಾಂತಾ ಕಿವಿಯಿಟ್ಟ.
"ಒಳಗೆ ಯಾರೋ ಉಸಿರು ಹಿಡಿದು ಕೂತಿದ್ದಾರೆ" ಅಂದ.

ಆಗ ಎದ್ದಳು ಮ್ಮೆ ಮಲಿಸೆಬೊ.
ಅರವತ್ತೇಳು ವರ್ಷ; ಅದರಲ್ಲಿ ಅರವತ್ತು
ತಲೆಯ ಮೇಲೆ ನೀರು.
ಯಾರದೋ ಬಕೆಟ್ಟು ಕಿತ್ತುಕೊಂಡಳು, ಸಿಂಬಿ ಸುತ್ತಿದಳು,
ಬುಗ್ಗೆಯಲ್ಲಿ ಇಪ್ಪತ್ತು ಲೀಟರ್ ತುಂಬಿ
ನಾವು ಅಗೆದು ಮುಚ್ಚಿದ ಮಣ್ಣಿನ ಮೇಲೆಯೇ
ನಡೆಯತೊಡಗಿದಳು.
ಹಿಂದೆ ನಾನು. ನನ್ನ ಹಿಂದೆ ಊರು, ನಾಯಿಗಳು, ಬ್ಯಾಂಡಿನ ಹುಡುಗರು.

ಮೊದಲ ತಿರುವು. ಎರಡನೆಯದು.
ಲೋಳೆಸರದ ಬೇಲಿ.
ಹದಿನಾಲ್ಕನೆಯ ಗೂಟ ದಾಟಿ ಸ್ವಲ್ಪ ದೂರ,
ಅವಳ ಕುತ್ತಿಗೆಯ ನರ ಬಿಗಿಯಿತು.
ಹೆಜ್ಜೆ ಅರ್ಧ ಗೇಣು ಮೋಟಾಯಿತು.
ನಿಂತಳು. ಬಕೆಟ್ಟಿನ ನೀರು ಅಲುಗಲಿಲ್ಲ.

"ಇಲ್ಲಿ ನೆಲ ಏರುತ್ತದೆ.
ಕಣ್ಣಿಗೆ ತಿಳಿಯದು, ಮೊಣಕಾಲಿಗೆ ತಿಳಿಯುತ್ತದೆ.
ಬಸುರಿಯಾದಾಗಲೆಲ್ಲ ಇಲ್ಲಿಯೇ ಕೂರುತ್ತಿದ್ದೆ.
ತಲೆಯ ಮೇಲೆ ಕೊಡವಿದ್ದರೆ
ನೆಲ ಸುಳ್ಳು ಹೇಳುವುದಿಲ್ಲ, ಮಗಳೇ."

ನಕ್ಷೆ ಬಿಡಿಸಿದೆ. ಹದಿನಾಲ್ಕಕ್ಕೂ ಹದಿನೈದಕ್ಕೂ ನಡುವೆ
ಸ್ಕೇಲಿಟ್ಟು ಎಳೆದ ನೇರ ಗೆರೆ.
ಹೌದು. ಆ ಸಂಜೆ ಮಂಜು ಇಳಿದಿತ್ತು,
ಲೆವೆಲ್ಲಿನ ಕಣ್ಣಿಗೆ ಪೊರೆ ಬಂದ ಹಾಗೆ.
ಕೊನೆಯ ವ್ಯಾನು ಐದಕ್ಕೆ ಹೊರಡುತ್ತಿತ್ತು.
ಇಷ್ಟು ದೂರದಲ್ಲಿ ಏನಿದ್ದೀತು ಎಂದುಕೊಂಡೆ.
ಇದನ್ನು ಯಾರಿಗೂ ಹೇಳಿರಲಿಲ್ಲ. ಈಗ ಹೇಳಿದೆ,
ಎಲ್ಲರೆದುರು, ಬೂಟಿನ ಲೇಸು ನೋಡುತ್ತ.
ಬೈದಿದ್ದರೆ ಹಗುರವಾಗುತ್ತಿತ್ತು.
ಒಬ್ಬ ಗುದ್ದಲಿ ತಂದ.

ಗೂನು ಬೆನ್ನಿನ ಹಾಗೆ ಮಲಗಿತ್ತು ಪೈಪು.
ರಾಮಾಬಾಂತಾ ಕೈ ಡ್ರಿಲ್ಲಿನಿಂದ ತೂತು ಕೊರೆದ.
ಗಾಳಿ ಹೊರಟಿತು.
ನಿಟ್ಟುಸಿರು ಅನ್ನಲೇ? ಅಷ್ಟು ಚಂದವಿರಲಿಲ್ಲ.
ಮಕ್ಕಳು ಬಿದ್ದು ಬಿದ್ದು ನಗುವಂಥ ಸದ್ದು,
ಬಹಳ ಹೊತ್ತು, ಮುಖಂಡರೂ ನಗುವವರೆಗೆ.
ಆಮೇಲೆ ತುಂತುರು.
ಆಮೇಲೆ ಮೊಣಕಾಲೆತ್ತರ ನೀರಿನ ಕಡ್ಡಿ.
ಕೆಳಗೆ ಊರಲ್ಲಿ ಉಳಿದಿದ್ದ ಮುದುಕರು
ಕೂಗಿದ್ದು ನಮಗೆ ಕೇಳಿತು.

ಈಗ ಅಲ್ಲೊಂದು ಏರ್ ವಾಲ್ವ್ ಇದೆ,
ಮೇಲೆ ಕಾಂಕ್ರೀಟಿನ ಮುಚ್ಚಳ.
ನಕ್ಷೆಯನ್ನು ಕೆಂಪು ಶಾಯಿಯಲ್ಲಿ ತಿದ್ದಿದ್ದೇನೆ:
ಏರು, ಒಂದು ಮೀಟರ್ ನಲವತ್ತು.
ಊರಿನವರು ಅದನ್ನು ಮಲಿಸೆಬೊಳ ಮೊಣಕಾಲು ಅನ್ನುತ್ತಾರೆ.
ನಮ್ಮ ಫೈಲಿನಲ್ಲಿ ಆ ಹೆಸರಿಗೆ ಕಾಲಮ್ಮಿಲ್ಲ.

ಮೂರು ತಿಂಗಳ ಮೇಲೆ ಹೋದೆ.
ಅವಳ ಬಾಗಿಲಿನಿಂದ ನಲ್ಲಿಗೆ ಹನ್ನೆರಡು ಹೆಜ್ಜೆ.
ಸುಖವೇ? ಎಂದೆ.
"ಸುಖವೇ. ಆದರೆ ಹನ್ನೆರಡು ಹೆಜ್ಜೆಯಲ್ಲಿ
ಏನನ್ನು ತಾನೇ ಯೋಚಿಸಿ ಮುಗಿಸಲಿ?
ಒಂದು ಸಿಟ್ಟೂ ಪೂರ್ತಿ ಇಳಿಯುವುದಿಲ್ಲ."
ಎಂದವಳೇ ನಲ್ಲಿ ಬಿಗಿಯಾಗಿ ತಿರುಗಿಸಿದಳು.
ಆದರೂ ತೊಟ್ಟಿಕ್ಕುತ್ತಿತ್ತು.
ನಾನು ಚೀಲದಲ್ಲಿ ವಾಷರು ಹುಡುಕತೊಡಗಿದೆ.